ತೀರಿಕೊಂಡವನ ಹೆಸರಿಗೆ ಬರೆಸಿದ ಅಪಘಾತ

ಕಾನೂನು ಸೇವಾ ಸಮಿತಿಯಿಂದ ಫೋನ್ ಬಂದಾಗ ನಾನು ಇದನ್ನು ‘ಸಿಂಪಲ್ ಮ್ಯಾಟರ್’ ಎಂದೇ ಒಪ್ಪಿಕೊಂಡೆ. ನಿಲ್ಕುಂದದ ಕಡೆಯ ಒಬ್ಬ ಹೆಣ್ಣುಮಗಳು. ಗಂಡ ಕಾರು ಅಪಘಾತದಲ್ಲಿ ತೀರಿಕೊಂಡಿದ್ದಾನೆ. ವಕೀಲರನ್ನು ಇಟ್ಟುಕೊಳ್ಳುವ ಅನುಕೂಲವಿಲ್ಲ. ನೋ ಫಾಲ್ಟ್ ಕ್ಲೇಮ್ ಹಾಕಿಕೊಡಬೇಕು. ಈ ವಯಸ್ಸಿನಲ್ಲಿ ನನಗೆ ಸಮಿತಿಯವರು ಇಂಥವನ್ನೇ ಕೊಡುತ್ತಾರೆ, ಕೂಗಾಡಿ ವಾದ ಮಾಡಬೇಕಾಗಿಲ್ಲದವು.

ನೋ ಫಾಲ್ಟ್ ಎಂದರೇನೆಂದು ಒಂದು ಮಾತು ಹೇಳಿಬಿಡುತ್ತೇನೆ. ಅಪಘಾತದ ಪರಿಹಾರ ಕೇಳಲು ಕಾಯ್ದೆಯಲ್ಲಿ ಎರಡು ದಾರಿಗಳಿವೆ. ಒಂದರಲ್ಲಿ ಡ್ರೈವರನ ತಪ್ಪನ್ನು ಸಾಬೀತು ಮಾಡಬೇಕು, ಸತ್ತವನ ಸಂಪಾದನೆಯನ್ನು ತೋರಿಸಬೇಕು. ಇನ್ನೊಂದು ನೂರಾ ಅರವತ್ನಾಲ್ಕನೇ ಕಲಮಿನದು. ಅಲ್ಲಿ ತಪ್ಪು ಯಾರದೆಂದು ಯಾರೂ ಕೇಳುವುದಿಲ್ಲ. ಅಪಘಾತ ಆಯಿತು, ಜೀವ ಹೋಯಿತು, ವಾಹನಕ್ಕೆ ವಿಮೆ ಇತ್ತು, ಇಷ್ಟನ್ನು ತೋರಿಸಿದರೆ ಕಾನೂನು ಗೊತ್ತುಮಾಡಿದ ಮೊತ್ತವನ್ನು ಕಂಪನಿ ಕೊಡಬೇಕು. ಈಕೆಯ ಗಂಡ ಮದುವೆ ಮುಂಜಿಗಳಿಗೆ ಅಡುಗೆಗೆ ಹೋಗುತ್ತಿದ್ದವನು. ಸಂಪಾದನೆಗೆ ಒಂದು ಚೂರು ಕಾಗದವಿಲ್ಲ. ಹಾಗಾಗಿ ಎರಡನೆಯ ದಾರಿಯೇ ಇವಳಿಗೆ ಸರಿ ಎಂದು ಅವಳ ಮುಖ ನೋಡುವ ಮೊದಲೇ ತೀರ್ಮಾನಿಸಿಬಿಟ್ಟಿದ್ದೆ.

ಅವಳು ಬಂದ ದಿನ ಶಿರಸಿಯಲ್ಲಿ ಕರೆಂಟ್ ಇರಲಿಲ್ಲ. ಕಿಟಕಿಯ ಹತ್ತಿರ ಕೂತು ಅವಳು ತಂದ ಪೊಲೀಸ್ ಪೇಪರುಗಳನ್ನು ಓದಿದೆ. ಪಕ್ಕದ ಮನೆಯವರ ಕಾರು. ಸಿದ್ದಾಪುರಕ್ಕೆ ಬರುವಾಗ ಕಾಡಿನ ತಿರುವಿನಲ್ಲಿ ರಸ್ತೆ ಬಿಟ್ಟು ಇಳಿದು ಮರಕ್ಕೆ ಹೊಡೆದಿದೆ. ದೂರು ಕೊಟ್ಟವರು ಕಾರಿನ ಮಾಲೀಕರೇ. ಆರೋಪಿಯ ಜಾಗದಲ್ಲಿ ಇದ್ದದ್ದು ಅವಳ ಗಂಡನ ಹೆಸರು. ಸದರಿಯವನು ಅತಿ ವೇಗ ಹಾಗೂ ನಿರ್ಲಕ್ಷ್ಯದಿಂದ ಚಲಾಯಿಸಿ ತನ್ನ ಮರಣಕ್ಕೆ ತಾನೇ ಕಾರಣನಾಗಿದ್ದಾನೆ. ಆರೋಪಿ ಮೃತನಾದ್ದರಿಂದ ಕೇಸು ಅಬೇಟ್. ಅಂದರೆ ಅಲ್ಲಿಗೆ ಮುಗಿಯಿತು.

ನಾನು ಕನ್ನಡಕ ತೆಗೆದಿಟ್ಟೆ. ಬೇರೆಯವರ ಕಾರನ್ನು ಕೇಳಿ ತೆಗೆದುಕೊಂಡು ತಾನೇ ಓಡಿಸಿದವನು ಮಾಲೀಕನ ಜಾಗದಲ್ಲಿ ನಿಂತ ಹಾಗೆ ಎಂದು ಕೋರ್ಟುಗಳು ಹೇಳುತ್ತಾ ಬಂದಿವೆ. ಪರಿಹಾರ ಕೊಡಬೇಕಾದವನೂ ಅವನೇ, ಕೇಳುವವನೂ ಅವನೇ ಆದಂತೆ. ತಪ್ಪು ಕೇಳದ ಕಾನೂನಿಗೂ ಸ್ಟಿಯರಿಂಗ್ ಹಿಡಿದವನು ಯಾರೆಂಬುದು ಬೇಕು. ಮಾಲೀಕನಿಗೆಂದು ಪಾಲಿಸಿಯಲ್ಲಿ ಇರುವ ಅಪಘಾತ ವಿಮೆಯೂ ಹೀಗೆ ಎರವಲು ತಂದವನಿಗೆ ಸಲ್ಲುವುದಿಲ್ಲ. ಇದನ್ನೆಲ್ಲ ಆದಷ್ಟು ಮೆತ್ತಗೆ ಹೇಳಿ, ಹೀಗಾಗಿ ಕಷ್ಟ ಇದೆ ಡಿಯರ್, ಎಂದೆ.



“ಇವ್ರು ಗಾಡಿ ಹೊಡೆದಿದ್ದೇ ಅಲ್ದಲೆ ಅಮ್ಮಾ,” ಎಂದಳು. “ಹಲಸಿನಕಾಯಿ ಕೊಚ್ಚಕಾದ್ರೆ ಮೆಟ್ಟುಗತ್ತಿ ತಾಗಿ ಬಲಗೈ ಸೀಳಿಹೋಗಿತ್ತು. ಹೊಲಿಗೆ ಹಾಕ್ಸಕ್ಕೆ ಹೇಳಿ ಹೊರಟಿದ್ದು ಯಂಗ ಎಲ್ಲ.”

ಹಾಗಾದರೆ ಓಡಿಸಿದವರು ಯಾರು? ಅವಳ ತಮ್ಮ. ಮುಂದೆ ಎಡಗಡೆ ಗಂಡ, ಹಿಂದೆ ಇವಳು ಮತ್ತು ಮಗಳು. ಮರಕ್ಕೆ ಎಡಗಡೆಯೇ ಹೊಡೆದದ್ದರಿಂದ ಹೋದದ್ದು ಗಂಡ ಒಬ್ಬನೇ. ತಮ್ಮನಿಗೆ ಲೈಸೆನ್ಸ್ ಇತ್ತು, ಎಲ್ಲ ಸರಿ ಇತ್ತು. ಆದರೆ ಅವನ ಹೆಸರು ಆಗಷ್ಟೇ ಫಾರೆಸ್ಟ್ ಗಾರ್ಡ್ ಆಯ್ಕೆ ಪಟ್ಟಿಯಲ್ಲಿ ಬಂದಿತ್ತು. ಪೊಲೀಸ್ ವೆರಿಫಿಕೇಶನ್ ಒಂದು ಬಾಕಿ. ಸಿದ್ದಾಪುರದ ಆಸ್ಪತ್ರೆಯ ಅಂಗಳದಲ್ಲಿ ಊರಿನ ನಾಲ್ಕು ಜನ ನಿಂತು ಮಾತಾಡಿ, ಹೋದವನಿಗೆ ಇನ್ನು ಜೈಲಿಲ್ಲ, ಕೋರ್ಟಿಲ್ಲ, ಇರುವವನ ಬದುಕಾದರೂ ಉಳಿಯಲಿ ಎಂದು ಸತ್ತವನ ಹೆಸರನ್ನೇ ಬರೆಸಿದರು. ಇವಳನ್ನೂ ಕೇಳಿದರಂತೆ. ಇವಳು ತಲೆ ಆಡಿಸಿದಳಂತೆ.

ಅಲ್ಲಿ ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಕಂಗೆಡಿಸಿದ್ದು. ಕೆಟ್ಟತನವನ್ನು ಕೋರ್ಟಿನಲ್ಲಿ ಎದುರಿಸಿ ಅಭ್ಯಾಸವಿದೆ. ಇದು ಊರವರು ಕೂಡಿ ಮಾಡಿದ ಉಪಕಾರ.

ಅವಳ ಮುಂದೆ ಎರಡೇ ದಾರಿ ಇಟ್ಟೆ. ತಮ್ಮ ಓಡಿಸಿದ್ದು ಎಂದು ಪೊಲೀಸರ ಮುಂದೆ ಹೇಳಿದರೆ ಗಂಡ ಬರೀ ಪ್ಯಾಸೆಂಜರ್. ಕಾರಿಗೆ ಫುಲ್ ಪಾಲಿಸಿ ಇದೆ, ಒಳಗೆ ಕೂತವರಿಗೂ ಅದು ಅನ್ವಯಿಸುತ್ತದೆ, ಪರಿಹಾರ ಸಿಗುತ್ತದೆ. ಆದರೆ ಮರುದಿನವೇ ತಮ್ಮನ ಮೇಲೆ ಕ್ರಿಮಿನಲ್ ಕೇಸು ಬೀಳುತ್ತದೆ. ನಮ್ಮ ಟ್ರಿಬ್ಯೂನಲ್ಲಿಗೆ ತಪ್ಪು ಬೇಡ, ಪೊಲೀಸರಿಗೆ ಬೇಕೇ ಬೇಕು. ಸುಮ್ಮನಿದ್ದರೆ ತಮ್ಮನ ನೌಕರಿ ಉಳಿಯುತ್ತದೆ, ಇವಳ ಕ್ಲೇಮು ಹೋಗುತ್ತದೆ. ಸುಳ್ಳು ಎಂದು ಗೊತ್ತಿದ್ದೂ ನಾನು ಇದೇ ಎಫ್‌ಐಆರ್ ಇಟ್ಟುಕೊಂಡು ಅರ್ಜಿ ಹಾಕಲಾರೆ. ಹಾಕಿದರೂ ಗೆಲ್ಲುವುದಿಲ್ಲ.

“ತಮ್ಮನ ಹೆಸ್ರು ಮಾತ್ರ ಬೇಡ, ಹೇಳಡಿ,” ಎಂದಷ್ಟೇ ಹೇಳಿ ಹೋದಳು.

ಮುಂದಿನ ಕೆಲವು ವಾರ ಮೂರನೆಯ ದಾರಿ ಹುಡುಕಿದೆ. ಕಾರಿನ ಪಾಲಿಸಿಯ ಪೂರ್ತಿ ಪ್ರತಿಯನ್ನು ತರಿಸಿ ಸಣ್ಣ ಅಕ್ಷರಗಳನ್ನೆಲ್ಲ ಭೂತಗನ್ನಡಿ ಹಿಡಿದು ಓದಿದೆ. ಪ್ರಯಾಣಿಕರಿಗೆ ಬೇರೆ ಅಪಘಾತ ವಿಮೆ ಮಾಡಿಸಿದ್ದರೆ ಹೇಗಾದರೂ ನೋಡಬಹುದಿತ್ತು, ಮಾಡಿಸಿರಲಿಲ್ಲ. ಸತ್ತವನ ಹೆಸರಿನಲ್ಲಿ ಬ್ಯಾಂಕಿನ ಸಣ್ಣ ವಿಮೆ ಏನಾದರೂ ಇದೆಯೇ ಎಂದು ವಿಚಾರಿಸಿದೆ. ಕಂತು ಕಟ್ಟುವಷ್ಟು ಖಾತೆಯಲ್ಲಿ ಇಲ್ಲದೆ ಅದು ನಿಂತುಹೋಗಿತ್ತು. ಪಂಚನಾಮೆ, ವಾಹನ ತಪಾಸಣೆಯ ಐಎಂವಿ ರಿಪೋರ್ಟ್, ಪೋಸ್ಟ್‌ಮಾರ್ಟೆಮ್ ವರದಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಕಾರಿನ ಎಡ ಮುಂಭಾಗ ಜಜ್ಜಿಹೋಗಿದೆ, ಬಲಗಡೆ ಬಾಗಿಲು ಸಲೀಸಾಗಿ ತೆರೆಯುತ್ತದೆ, ದೇಹದ ಎಡ ಪಕ್ಕೆಲುಬುಗಳು ಮುರಿದಿವೆ, ಬಲ ಅಂಗೈಗೆ ಬಟ್ಟೆ ಸುತ್ತಿದೆ. ಗಂಡ ಓಡಿಸಿರಲಿಲ್ಲ ಎಂದು ವಾದಿಸಲು ಇಷ್ಟು ಸಾಕು. ಆದರೆ ಹಾಗೆ ವಾದಿಸಿದ ತಕ್ಷಣ ಜಡ್ಜ್ ಕೇಳುವ ಮೊದಲ ಪ್ರಶ್ನೆ, ಮತ್ತೆ ಯಾರು?

ಯಲ್ಲಾಪುರದ ವಕೀಲನೊಬ್ಬ ಆ ವಿಮಾ ಕಂಪನಿಯ ಪರ ಶಿರಸಿಯಲ್ಲಿ ಹಾಜರಾಗುತ್ತಾನೆ. ಅವನ ಅಬ್ಬಾಜಾನ್ ಲಾರಿ ಇಟ್ಟುಕೊಂಡಿದ್ದವರು. ಕಾನೂನಿಗಿಂತ ಮೊದಲು ಗಾಡಿಯ ವಿಷಯ ಕಲಿತವನು. ಬಾರ್ ರೂಮಿನಲ್ಲಿ ಹೆಸರು ಹೇಳದೆ, ಒಂದು ಕಾಲ್ಪನಿಕ ಸಂಗತಿ ಎಂಬಂತೆ ಕೇಳಿದೆ. ಅವನು ನಕ್ಕ.

“ಮೇಡಂ, ಸಿಟ್ಟಾಗಬ್ಯಾಡ್ರಿ. ನಮ್ಮ ಕಂಪ್ನಿಗೆ ಡ್ರೈವರ್ ಸತ್ತರೆ ಭಾಳ ಸಂತೋಷ. ಕೊಡೂದು ಇರೂದಿಲ್ಲ. ನಿಮ್ಮ ಕಡೆ ಮಂದಿ ನಮಗ ಪುಕ್ಕಟೆ ಉಪಕಾರ ಮಾಡ್ಯಾರ.” ಆಮೇಲೆ ದನಿ ತಗ್ಗಿಸಿ, ಏನು ಮಾಡುವುದಿದ್ದರೂ ಅಪಘಾತವಾದ ಆರು ತಿಂಗಳೊಳಗೆ ಮಾಡಿ ಎಂದ. ಆ ಕಾಲಮಿತಿ ಈ ಕಲಮಿಗೆ ಅನ್ವಯಿಸುತ್ತದೋ ಇಲ್ಲವೋ ಎಂಬ ವಾದ ಮೇಲಿನ ಕೋರ್ಟುಗಳಲ್ಲಿ ನಡೆದೇ ಇತ್ತು. ಬೇರೆಯವರ ಬದುಕನ್ನು ಇಟ್ಟುಕೊಂಡು ನಾನು ಅದನ್ನು ಪರೀಕ್ಷೆ ಮಾಡುವಂತಿರಲಿಲ್ಲ.

ಹಾಗಾಗಿ ದೂರು ಕೊಟ್ಟವರನ್ನೇ ಕಾಣಲು ಬಸ್ಸು ಹತ್ತಿದೆ. ಜೂನಿಯರ್ ಇಲ್ಲದ ವಕೀಲಳ ಪಾಡು ಇದು. ಸಿದ್ದಾಪುರದಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯುವಾಗ, ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮ್ಮಿಂದ ದಿನವೂ ಹೇಳಿಸುತ್ತಿದ್ದ ಪ್ರಾರ್ಥನೆ ಯಾಕೋ ನೆನಪಾಯಿತು. ಎದೆ ಮುಟ್ಟಿಕೊಂಡು, ನನ್ನ ತಪ್ಪಿನಿಂದ, ನನ್ನ ತಪ್ಪಿನಿಂದ ಎನ್ನಬೇಕಿತ್ತು. ಏನು ತಪ್ಪು ಎಂದು ಯಾರೂ ಕೇಳುತ್ತಿರಲಿಲ್ಲ. ಎಷ್ಟು ಸುಲಭವಾಗಿ ಹೇಳುತ್ತಿದ್ದೆವು.

ಕಾರಿನ ಮಾಲೀಕರು ಊರಿನಲ್ಲಿ ನಾಲ್ಕು ಜನ ಮಾತು ಕೇಳುವ ಹಿರಿಯರು. ಜಗಲಿಯಲ್ಲಿ ಕೂರಿಸಿ, ಕಷಾಯ ಕೊಟ್ಟು, ಪೂರ್ತಿ ಕೇಳಿಸಿಕೊಂಡರು. ಅವಳೂ ಒಳಬಾಗಿಲಿನ ಹತ್ತಿರ ಬಂದು ನಿಂತಿದ್ದಳು. ದೂರನ್ನು ಬದಲಾಯಿಸಿ ಹೇಳಿಕೆ ಕೊಡಬಹುದೇ ಎಂದು ಕೇಳಿದಾಗ ಅವರು ಸಿಟ್ಟಾಗಲಿಲ್ಲ. ಸುಳ್ಳು ದೂರು ಕೊಟ್ಟೆ ಎಂದು ತಮ್ಮ ಮೇಲೆಯೇ ಕೇಸಾಗುತ್ತದಲ್ಲ ಎಂದರು. ಆಗಬಹುದು ಎಂದೆ. ಮಗುವಿನ ಓದಿಗೆ ಊರವರು ಕೈಲಾದದ್ದು ಕೂಡಿಸುತ್ತೇವೆ, ಆಗಲೇ ಮಾತಾಡಿಕೊಂಡಿದ್ದೇವೆ ಎಂದರು. ಅವರು ಮಾಡುವವರೇ. ಅನುಮಾನವಿರಲಿಲ್ಲ.

“ವಕೀಲ್ರೇ, ನಿಂಗ ಓದಿದವು. ಆದ್ರೆ ಒಂದು ಹೇಳಿ. ಸತ್ತವಂಗೆ ಇದ್ರಿಂದ ಎಂತ ನಷ್ಟ ಆತು?”

ನನ್ನ ಉತ್ತರಕ್ಕೆ ಕಾಯದೆ ಅವರು ಅಂಗಳದಲ್ಲಿ ಆಡುತ್ತಿದ್ದ ಹುಡುಗಿಯನ್ನು ಕರೆದರು. ಇವಳ ಮಗಳು, ಎರಡನೇ ಕ್ಲಾಸು. ಎಲ್ಲರೂ ಒಂದೇ ಮಾತಿನಲ್ಲಿದ್ದೇವೆ, ಮಗು ಕೂಡ ತಪ್ಪುವುದಿಲ್ಲ ಎಂದು ನನಗೆ ತೋರಿಸುವುದು ಅವರ ಉದ್ದೇಶ.

“ಕೂಸೇ, ಅವತ್ತು ಗಾಡಿ ಯಾರು ಹೊಡೀತಿದ್ದಿದ್ದು, ಹೇಳು ನೋಡನ.”

“ಅಪ್ಪ,” ಎಂದಳು ಹುಡುಗಿ. ಮಗ್ಗಿ ಒಪ್ಪಿಸುವ ದನಿಯಲ್ಲಿ ಅಲ್ಲ. ಸುಮ್ಮನೆ, ನೆನಪು ಮಾಡಿಕೊಂಡು. “ಅಪ್ಪ ಜೋರಾಗಿ ಹೊಡೀತಿದ್ದ. ಅಮ್ಮ ನಿಧಾನ, ನಿಧಾನ ಹೇಳ್ತಿತ್ತು. ಅಪ್ಪ ಕೇಳಿದ್ನೇ ಇಲ್ಲೆ.”

ಮೊದಲನೆಯ ಮಾತನ್ನು ಅವರು ಕಲಿಸಿದ್ದರು. ಉಳಿದದ್ದನ್ನು ಯಾರೂ ಕಲಿಸಿರಲಿಲ್ಲ. ಅದು ಹಿರಿಯರ ಮುಖ ನೋಡಿದರೇ ತಿಳಿಯುತ್ತಿತ್ತು. ಹುಡುಗಿ ಮತ್ತೆ ಆಟಕ್ಕೆ ಓಡಿದಳು. ಒಳಬಾಗಿಲ ಕಡೆ ನೋಡಿದೆ. ಅವಳು ಅಲ್ಲಿರಲಿಲ್ಲ.

ನಾನು ಹೊರಟಾಗ ಅವಳು ಬಸ್ ಸ್ಟಾಪಿನವರೆಗೆ ನನ್ನ ಜೊತೆ ಬಂದಳು. ಬಸ್ಸಿನ ಸದ್ದು ಕೇಳಿದ ಮೇಲೆ ಹೇಳಿದಳು:

“ಕೂಸು ದೊಡ್ಡಾದ ಮೇಲೂ ಹಂಗೇ ನೆನಪು ಮಾಡ್ಕತ್ತು ಅಲ್ದಾ ಅಮ್ಮಾ? ಅಪ್ಪಂಗೆ ಹೇಳಿದ್ರೂ ಕೇಳಿದ್ನಿಲ್ಲೆ, ಅದ್ಕೇ ಸತ್ತ ಹೇಳಿ.” ಆಮೇಲೆ, “ಆನು ಹೇಳ್ತಿ. ಪೊಲೀಸ್ರಿಗೆ ಎಂತ ಹೇಳವು, ಹೇಳಿಕೊಡಿ.”

ಹೇಳಿಕೊಡಲಾರೆ, ಅದು ನನ್ನ ಕೆಲಸವಲ್ಲ ಎಂದೆ. ಕಂಡದ್ದನ್ನು ಹೇಳು. ಗಾಡಿ ಓಡಿಸಿದ್ದು ಯಾರು, ಗಂಡ ಕೂತದ್ದು ಎಲ್ಲಿ, ಇಷ್ಟು ನಮ್ಮ ಅರ್ಜಿಗೆ ಸಾಕು. ಆದರೆ ಮೊದಲು ತಮ್ಮನಿಗೆ ತಿಳಿಸು ಎಂದೆ.

ತಮ್ಮ ಒಂದು ಮಧ್ಯಾಹ್ನ ಒಬ್ಬನೇ ನನ್ನ ಆಫೀಸಿಗೆ ಬಂದ. ಓಟದ ಪರೀಕ್ಷೆಗೆ ತಯಾರಾದ ಮೈ, ಕೂತ ಕುರ್ಚಿ ಸಾಲದು. ನಾನು ಅವನ ವಕೀಲಳಲ್ಲ, ಅಕ್ಕನ ವಕೀಲಳು, ನೀನು ಇಲ್ಲಿ ಹೇಳಿದ್ದು ನಿನಗೇ ತೊಂದರೆಯಾಗಬಹುದು ಎಂದು ಮೊದಲೇ ಎಚ್ಚರಿಸಿದೆ. ಆದರೂ ಹೇಳಿದ. ತಿರುವಿನಲ್ಲಿ ಕಾಡುಕೋಣ ಅಡ್ಡ ಬಂತಂತೆ. ತಪ್ಪಿಸಲು ಹೋಗಿ ಹೀಗಾಯಿತಂತೆ. ಅಕ್ಕನ ವಿರುದ್ಧ ಒಂದು ಮಾತೂ ಇಲ್ಲ. ತಾನೇ ಮುಂದಾಗಿ ಹೇಳಬೇಕಿತ್ತು, ಆಸ್ಪತ್ರೆಯ ಅಂಗಳದಲ್ಲಿ ಬಾಯಿ ಬರಲಿಲ್ಲ ಎಂದ.

“ಅಕ್ಕ ಒಬ್ಳೇ ಸ್ಟೇಶನ್ನಿಗೆ ಹೋಗದು ಬೇಡ ಮೇಡಂ. ಆನೂ ಹೋಗ್ತಿ.”

ಇಬ್ಬರೂ ಒಟ್ಟಿಗೇ ಹೋದರು. ಸ್ಟೇಶನ್ನಿನಲ್ಲಿ ಮೊದಲು ಯಾರೂ ಬರೆದುಕೊಳ್ಳಲಿಲ್ಲ. ಮುಗಿದ ಕೇಸನ್ನು ಮತ್ತೆ ತೆರೆಯುವುದು ಯಾರಿಗೂ ಬೇಕಿರಲಿಲ್ಲ. ಮೇಲಧಿಕಾರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಅರ್ಜಿ ಕಳಿಸಿದೆ, ಆಮೇಲೆ ಕೋರ್ಟಿನ ಅನುಮತಿಯಿಂದ ಮುಂದುವರಿದ ತನಿಖೆ ಎಂದು ಆಯಿತು. ಇತ್ತ ಶಿರಸಿಯ ಟ್ರಿಬ್ಯೂನಲ್ಲಿನಲ್ಲಿ ಕ್ಲೇಮು ಹಾಕಿದೆ. ಅವಧಿಯೊಳಗೇ ಆಯಿತು. ಹಿರಿಯರು ಕೊನೆಗೂ ಬಂದು, ಗಾಬರಿಯಲ್ಲಿ ತಪ್ಪು ಹೆಸರು ಬರೆಸಿದೆ ಎಂದು ಹೇಳಿಕೆ ಕೊಟ್ಟರು. ಅವರಿಗೆ ನೋಟಿಸ್ ಬಂತು. ಅವರ ಮನೆಯ ಜಗಲಿಗೆ ಈಕೆ ಆಮೇಲೆ ಹೋಗಲಿಲ್ಲ. ಅವರೂ ಕರೆಯಲಿಲ್ಲ.

ಟ್ರಿಬ್ಯೂನಲ್ಲಿನಲ್ಲಿ ಯಲ್ಲಾಪುರದ ವಕೀಲ ತನ್ನ ಕೆಲಸ ಚೆನ್ನಾಗಿಯೇ ಮಾಡಿದ. ಇದೆಲ್ಲ ದುಡ್ಡಿಗಾಗಿ ಆಮೇಲೆ ಹೊಸೆದ ಕಥೆ ಎಂಬುದು ಅವನ ವಾದ. ಪಾಟೀ ಸವಾಲಿನಲ್ಲಿ ಅವಳನ್ನು ಕೇಳಿದ.

“ಹಂಗಾದ್ರ ನೀವು ಆವಾಗ ಸುಳ್ಳು ಹೇಳಿದ್ರೋ, ಈಗ ಹೇಳಾಕತ್ತೀರೋ?”

“ಆವಾಗ,” ಎಂದಳು. ಅಷ್ಟೇ. ಅವನು ಮುಂದಿನ ಪ್ರಶ್ನೆಯ ಕಾಗದವನ್ನು ಹುಡುಕಿದ. ಐಎಂವಿ ಅಧಿಕಾರಿ ಬಂದು ಎಡಭಾಗದ ಹೊಡೆತದ ಬಗ್ಗೆ, ಡಾಕ್ಟರು ಬಂದು ಪಕ್ಕೆಲುಬು ಮತ್ತು ಅಂಗೈಯ ಬಗ್ಗೆ ಹೇಳಿದರು. ಕಾರು ಹೇಗೆ ಓಡುತ್ತಿತ್ತು, ಎಷ್ಟು ಜೋರಾಗಿತ್ತು ಎಂದು ಆ ಕೋಣೆಯಲ್ಲಿ ಯಾರೂ ಕೇಳಲಿಲ್ಲ. ಕೇಳುವ ಅಗತ್ಯವಿಲ್ಲದ ಹಾಗೆ ಕಾನೂನು ಮಾಡಿದ್ದಾರೆ. ಅದರ ದಯೆ ಇರುವುದೇ ಅಲ್ಲಿ.

ಅವಾರ್ಡ್ ನಮ್ಮ ಪರ ಆಯಿತು. ಹೆಚ್ಚಿನ ಪಾಲು ಮಗುವಿನ ಹೆಸರಿನಲ್ಲಿ ಡಿಪಾಸಿಟ್. ಅವಳು ಸಹಿ ಮಾಡಿ, ನನ್ನ ಕಾಲು ಮುಟ್ಟಲು ಬಗ್ಗಿದಳು, ನಾನು ತಡೆದೆ. ಗೆದ್ದ ಕೇಸುಗಳ ದಿನ ನಾನು ಮಾರ್ಕೆಟ್ಟಿನ ಬೇಕರಿಯಿಂದ ಒಂದು ಪ್ಲಮ್ ಕೇಕ್ ತಂದು ಚಹಾದ ಜೊತೆ ತಿನ್ನುವುದಿದೆ. ಅವತ್ತು ಮನಸ್ಸಾಗಲಿಲ್ಲ. ಅದೇ ವಾರ ಅರಣ್ಯ ಇಲಾಖೆಯವರು ತಮ್ಮನ ನೇಮಕವನ್ನು ತಡೆಹಿಡಿದಿದ್ದರು.

ಸಿದ್ದಾಪುರದ ಕೋರ್ಟಿನಲ್ಲಿ ಅವನ ಮೇಲಿನ ಕ್ರಿಮಿನಲ್ ಕೇಸು ವಿಚಾರಣೆಗೆ ಬರಲು ಬಹಳ ದಿನ ಹಿಡಿಯಿತು. ತನ್ನ ಪರ ನಿಲ್ಲಬೇಕೆಂದು ಅವನು ನನ್ನನ್ನು ಕೇಳಿದ. ನಾನು ಒಪ್ಪುವಂತಿರಲಿಲ್ಲ. ಆ ಕೇಸಿನಲ್ಲಿ ಸರ್ಕಾರದ ಪರ ಮುಖ್ಯ ಸಾಕ್ಷಿಯೇ ಅವನ ಅಕ್ಕ. ಮರಕ್ಕೆ ಹೊಡೆಯುವಾಗ ಕಾರಿನಲ್ಲಿದ್ದು ಬದುಕಿದ ದೊಡ್ಡವರೆಂದರೆ ಅವನು ಬಿಟ್ಟರೆ ಅವಳೊಬ್ಬಳೇ. ಸಮನ್ಸ್ ಬಂದಾಗ ಅವಳು ನನಗೆ ಫೋನ್ ಮಾಡಿ, ಅಲ್ಲಿ ಎಂತ ಕೇಳುತ್ತಾರೆ ಅಮ್ಮಾ ಎಂದಳು. ಅಲ್ಲಿ ಕೇಳುವುದೇ ತಪ್ಪು ಯಾರದೆಂದು, ಹೇಗೆ ಓಡಿಸುತ್ತಿದ್ದನೆಂದು, ಎಂದೆ. ಅವಳು ಫೋನ್ ಇಟ್ಟಳು.

ನನಗೆ ಅಲ್ಲಿ ಕೆಲಸವಿರಲಿಲ್ಲ. ಆದರೂ ಅವತ್ತು ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಅಕ್ಕ ತಮ್ಮ ಒಂದೇ ಬಸ್ಸಿನಲ್ಲಿ ಬಂದು, ಪರಸ್ಪರ ಮಾತಾಡಬಾರದೆಂದು ಅವನ ವಕೀಲರು ಹೇಳಿದ್ದರಿಂದ ವರಾಂಡದ ಎರಡು ತುದಿಗಳಲ್ಲಿ ನಿಂತಿದ್ದರು. ಅವನು ಈಗ ಸಿದ್ದಾಪುರದಲ್ಲಿ ಬಾಡಿಗೆ ಪಿಕಪ್ ಓಡಿಸುತ್ತಾನೆ. ಓಟಗಾರನ ಮೈ ಹೋಗಿತ್ತು.

ಅವಳು ಸಾಕ್ಷಿಕಟ್ಟೆಯಲ್ಲಿ ನಿಂತಳು. ಓಡಿಸಿದವನನ್ನು ಗುರುತಿಸಿದಳು. ಗಂಡ ಎಲ್ಲಿ ಕೂತಿದ್ದನೆಂದು ಹೇಳಿದಳು. ಆಮೇಲೆ ಸರ್ಕಾರಿ ವಕೀಲರು, ಆರೋಪಿ ಕಾರನ್ನು ಬಹಳ ವೇಗವಾಗಿ ಓಡಿಸುತ್ತಿದ್ದನೇ, ನೀವು ಏನಾದರೂ ಹೇಳಿದ್ದಿರೇ ಎಂದು ಕೇಳಿದರು.

ಅವಳು ತಮ್ಮನ ಕಡೆ ನೋಡಲಿಲ್ಲ. ನನ್ನ ಕಡೆಯೂ ನೋಡಲಿಲ್ಲ.

“ಆನು ರಸ್ತೆ ನೋಡಿದ್ನಿಲ್ಲೆ,” ಎಂದಳು. “ಇವ್ರ ಕೈಯಿಂದ ರಕ್ತ ಸೋರ್ತಾ ಇತ್ತು. ಅದನ್ನೇ ನೋಡ್ತಿದ್ದಿ. ಎಂತೂ ಹೇಳಿದ್ನಿಲ್ಲೆ.”

ಜಡ್ಜ್ ಅದನ್ನು ಗ್ರಂಥಸ್ಥ ಕನ್ನಡ ಮಾಡಿ ಬರೆಸಿದರು. ವಾಹನದ ವೇಗದ ಬಗ್ಗೆ ಸಾಕ್ಷಿಗೆ ತಿಳಿದಿರುವುದಿಲ್ಲ. ಅವಳು ಓದಿ ಸಹಿ ಮಾಡಿ ಇಳಿದಳು. ಕೇಸಿನ ತೀರ್ಪು ಇನ್ನೂ ಬಂದಿಲ್ಲ. ಬಹುಶಃ ಬಿಡುಗಡೆಯಾದೀತು. ಅಷ್ಟರಲ್ಲಿ ಆ ಆಯ್ಕೆ ಪಟ್ಟಿಯ ಕಾಲ ಮುಗಿದಿರುತ್ತದೆ.

ಅವಳು ಅಂದು ನಿಧಾನ ಎಂದಿದ್ದಳೋ, ಯಾರಿಗೆ ಎಂದಿದ್ದಳೋ, ಕೋಣ ನಿಜವಾಗಿ ಅಡ್ಡ ಬಂದಿತ್ತೋ, ನನಗೆ ಗೊತ್ತಿಲ್ಲ. ಇಷ್ಟು ದಿನ ಅವಳು ನನ್ನೆದುರು ಕೂತು ಎದ್ದಿದ್ದಾಳೆ, ನಾನು ಒಮ್ಮೆಯೂ ಕೇಳಲಿಲ್ಲ. ನನ್ನ ಅರ್ಜಿಗೆ ಅದು ಬೇಕಾಗಿರಲಿಲ್ಲ.